ಏಳು ಮಾತ್ರೆ, ಹನ್ನೊಂದು ಲೋಟ ಟೀ

ಮೊದಲು ನಡುಗಿದ್ದು ಎಡಗೈ.

ಸಾಸ್ವೆಹಳ್ಳಿ ಕಡೆಯ ಒಂದು ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಿದ್ದೆವು. ತೂಕ ಮಾಡುವುದು ಅಲ್ಲಿನ ಶಿಕ್ಷಕಿಯ ಕೆಲಸ. ನಾನು ಮೇಲ್ವಿಚಾರಕಿ, ಅವರು ಸರಿಯಾಗಿ ಮಾಡುತ್ತಾರೋ ಇಲ್ಲವೋ ಎಂದು ನೋಡುವವಳು. ಆದರೆ ನನಗೆ ಬಾಯಿಯೂ ಸುಮ್ಮನಿರುವುದಿಲ್ಲ, ಕೈಯೂ ಸುಮ್ಮನಿರುವುದಿಲ್ಲ. "ಹಿಂಗಲ್ಲಮ್ಮ, ಕೊಡ್ರಿಲ್ಲಿ" ಎಂದು ಮಗುವನ್ನು ಎತ್ತಿಕೊಂಡೆ. ಕೈ ನಡುಗಿತು. ನಿಲ್ಲಲಿಲ್ಲ. ಎದೆ ಡವಡವ ಹೊಡೆದುಕೊಂಡಿತು, ಕಿವಿಯೊಳಗೆ ಗುಂಯ್ ಎಂದಿತು. ಮಗುವಿನ ತಾಯಿ ಎದ್ದು ಬಂದು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಯಾರೂ ನನ್ನ ಕೈಯಿಂದ ಮಗುವನ್ನು ಹಾಗೆ ತೆಗೆದುಕೊಂಡಿರಲಿಲ್ಲ.

"ಕುತ್ಕೊಳ್ರಿ ಮೇಡಂ, ಬಿಸಿಲಿಗೆ ಹಂಗಾಗೈತೆ. ಟೀ ಮಾಡಿಸ್ತೀನಿ" ಎಂದರು ಶಿಕ್ಷಕಿ.

ಕುಡಿದೆ. ಅದು ಆ ದಿನದ ಆರನೆಯ ಲೋಟ.

ನನ್ನ ಹೆಸರು ಗಿರಿಜಾ, ವಯಸ್ಸು ನಲವತ್ತೇಳು. ಹುಟ್ಟಿದ್ದು ಚನ್ನಗಿರಿಯಲ್ಲಿ. ಎರಡು ವರ್ಷದಿಂದ ನ್ಯಾಮತಿಯಲ್ಲಿ, ಮಹಡಿ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ಇದ್ದೇನೆ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಮಕ್ಕಳಿಲ್ಲ. ಇಷ್ಟು ಹೇಳಿದರೆ ಜನ ಅಯ್ಯೋ ಎನ್ನುತ್ತಾರೆ. ಆ ಅಯ್ಯೋ ನನಗೆ ಬೇಡ. ಇದಕ್ಕೂ ಮೊದಲು ಜಗಳೂರಿನಲ್ಲಿ ಒಂಬತ್ತು ವರ್ಷ ನಾನು ಚೆನ್ನಾಗಿಯೇ ಇದ್ದೆ. ಅಲ್ಲಿ ಶಾಹಿದಾ ಎಂಬ ಸಹೋದ್ಯೋಗಿ ಇದ್ದಳು. ಒಂದು ಗಂಟೆಯಾಯಿತೆಂದರೆ ಫೈಲನ್ನು ನನ್ನ ಕೈಯಿಂದ ಕಿತ್ತು ಬದಿಗಿಟ್ಟು ಡಬ್ಬಿ ಬಿಚ್ಚಿಸುತ್ತಿದ್ದಳು. ನನ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವಳಿಗೆ. ಅವಳ ತರಕಾರಿ ಕುರ್ಮಾ ನನಗೆ. "ಮೊದ್ಲು ತಿನ್ರಿ, ಸರ್ಕಾರ ಎಲ್ಲಿಗೂ ಓಡಿಹೋಗಲ್ಲ" ಎನ್ನುತ್ತಿದ್ದಳು. ವರ್ಗಾವಣೆಯ ಆದೇಶ ಬಂದಾಗ ನಾನು ಕೋಣೆ, ಗ್ಯಾಸು, ಸ್ಕೂಟರು ಎಲ್ಲದರ ಬಗ್ಗೆ ಯೋಚಿಸಿದೆ. ಮಧ್ಯಾಹ್ನ ಒಂದು ಗಂಟೆಯ ಬಗ್ಗೆ ಯೋಚಿಸಲಿಲ್ಲ.

ನ್ಯಾಮತಿಗೆ ಬಂದ ಮೇಲೆ ನನ್ನ ವಲಯದ ಜೊತೆಗೆ ಖಾಲಿಯಿದ್ದ ಪಕ್ಕದ ವಲಯವನ್ನೂ ನನ್ನ ತಲೆಗೇ ಕಟ್ಟಿದರು. ಹೊನ್ನಾಳಿಯಲ್ಲಿ ಸಭೆ. ಮೊಬೈಲಿನ ಆ್ಯಪಿನಲ್ಲಿ ಪ್ರತಿ ಮಗುವಿನ ಎತ್ತರ, ತೂಕ, ಫೋಟೋ. ಹಳ್ಳಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಕಚೇರಿಯಿಂದ ಫೋನ್ ನಿಲ್ಲುವುದಿಲ್ಲ. ಫೋನ್ ಬಡಿದುಕೊಂಡಾಗಲೆಲ್ಲ ಹೊಟ್ಟೆಯಲ್ಲಿ ಹಿಂಡಿದಂತಾಗುತ್ತಿತ್ತು. ಕ್ರಮೇಣ ಫೋನ್ ಸುಮ್ಮನಿದ್ದಾಗಲೂ ಹಾಗೇ ಆಗತೊಡಗಿತು.

ಊಟಕ್ಕೆಲ್ಲಿ ಕೂರುವುದು? ಅಂಗನವಾಡಿಯಲ್ಲಿ ಬಾಣಂತಿಯರಿಗೆ, ಬಸುರಿಯರಿಗೆ ಬಿಸಿ ಊಟ ಬೇಯುತ್ತದೆ. ಅದರಲ್ಲಿ ಒಂದು ತುತ್ತೂ ನನ್ನದಲ್ಲ. ನಾನೇ ತಿಂದರೆ ಇನ್ನೊಬ್ಬರನ್ನು ಏನೆಂದು ಗದರಲಿ? ಅವರ ಮುಂದೆ ಒಬ್ಬಳೇ ಡಬ್ಬಿ ಬಿಚ್ಚಿ ಕೂರುವುದಕ್ಕೂ ನಾಚಿಕೆ. ಡಬ್ಬಿ ಕಟ್ಟುವುದನ್ನೇ ಬಿಟ್ಟೆ. ರಾತ್ರಿ ಒಬ್ಬಳಿಗಾಗಿ ಒಲೆ ಹಚ್ಚಲು ಬೇಜಾರು, ಬ್ರೆಡ್ಡು ತಿಂದು ಮಲಗುತ್ತಿದ್ದೆ. ಆದರೆ ಹೋದಲ್ಲೆಲ್ಲ ಟೀ ಬರುತ್ತಿತ್ತು. ನಮ್ಮ ಕಡೆ ಹೊಸಿಲು ದಾಟಿ ಬಂದವರಿಗೆ ಟೀ ಕೊಡದೆ ಕಳಿಸುವುದಿಲ್ಲ, ಬಂದವರು ಬೇಡ ಅನ್ನುವುದೂ ಇಲ್ಲ.

ಇನ್ನೊಂದು ಮಾತೂ ಬರುತ್ತಿತ್ತು. "ಊಟ ಆತೇನ್ರಿ ಮೇಡಂ?"

"ಆತು."

ಇದನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಕೇಳುತ್ತಾರೆ, ಅಂಚೆಯಣ್ಣ ಕೇಳುತ್ತಾನೆ, ಮನೆ ಓನರಮ್ಮ ಬಟ್ಟೆ ಒಣಹಾಕುತ್ತ ಕೇಳುತ್ತಾರೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ನಾವೂ ಉತ್ತರ ಕೊಡುವುದಿಲ್ಲ, ಆಯ್ತು ಎನ್ನುತ್ತೇವೆ, ಅಷ್ಟೇ. ಚನ್ನಗಿರಿಯಿಂದ ಅಣ್ಣ ದಿನಾ ಮಧ್ಯಾಹ್ನ ಫೋನ್ ಮಾಡಿ ಕೇಳುತ್ತಿದ್ದುದೂ ಅದನ್ನೇ. ಅವನಿಗೂ ಆಯ್ತು ಎಂದೇ ಹೇಳುತ್ತಿದ್ದೆ.

ಕೈ ನಡುಗಿದ ವಾರ, ಎಲ್ಲರೂ ಹೋದ ಮೇಲೆ, ಬಸುರಿಯರನ್ನು ತೂಗುವ ಯಂತ್ರದ ಮೇಲೆ ನಾನೇ ನಿಂತು ನೋಡಿದೆ.

ನಲವತ್ತೆರಡು ಕೆ.ಜಿ.

ಜಗಳೂರು ಬಿಡುವಾಗ ಐವತ್ತೊಂದಿದ್ದೆ. ಯಂತ್ರ ಕೆಟ್ಟಿದೆ ಎಂದುಕೊಂಡು ಇಳಿದು ಮತ್ತೆ ಹತ್ತಿದೆ.

ಇಷ್ಟಾದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಮಾತ್ರೆ ಶುರು ಮಾಡಿದೆ. ಸಭೆಯಲ್ಲಿ ಪಕ್ಕ ಕೂತವರು ಹೇಳಿದರೆಂದು ಅಶ್ವಗಂಧ. ಒತ್ತಡಕ್ಕೆ ಒಳ್ಳೆಯದು ಎಂದು ವಾಟ್ಸಾಪಿನಲ್ಲಿ ಬಂದಿತ್ತೆಂದು ಮೆಗ್ನೀಸಿಯಂ. ಮೆಡಿಕಲ್ ಶಾಪಿನವನು ಕೊಟ್ಟ ಮಲ್ಟಿವಿಟಮಿನ್. ಮೀನೆಣ್ಣೆಯ ಕ್ಯಾಪ್ಸೂಲು, ಹುಟ್ಟಾ ಶಾಕಾಹಾರಿಯಾದ ನಾನು ಕಣ್ಣು ಮುಚ್ಚಿ ನುಂಗಿದೆ. ಮೂಳೆಗೆ ಕ್ಯಾಲ್ಸಿಯಂ, ರಕ್ತಕ್ಕೆ ಕಬ್ಬಿಣ, ಕೂದಲು ಉದುರುತ್ತಿದ್ದುದಕ್ಕೆ ಇನ್ನೊಂದು. ಒಟ್ಟು ಏಳು. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಬ್ಯಾಗಿನಲ್ಲೇ ಒಯ್ಯುತ್ತಿದ್ದೆ. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಅನ್ನ ತಪ್ಪಿಸುತ್ತಿದ್ದೆ, ಮಾತ್ರೆ ತಪ್ಪಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದು ಕೂತೆ. ಹಾರ್ಟು ಎಂದುಕೊಂಡೆ. ಯಾರನ್ನೂ ಕರೆಯಲಿಲ್ಲ. ಕರೆಯುವುದಕ್ಕೆ ಒಂದು ಹೆಸರೂ ತಕ್ಷಣ ನೆನಪಿಗೆ ಬರಲಿಲ್ಲ. ಆ ಮೆಟ್ಟಿಲ ಮೇಲೆ ನನಗೆ ಹೆದರಿಕೆಗಿಂತ ಹೆಚ್ಚಾಗಿ ಆದದ್ದು ಅವಮಾನ.

ಹೊನ್ನಾಳಿಯ ಡಾಕ್ಟರು ನನಗಿಂತ ಚಿಕ್ಕವರು, ನಿಧಾನದ ಹೆಣ್ಣುಮಗಳು. ಇಸಿಜಿ ನಾರ್ಮಲ್. ಥೈರಾಯ್ಡ್ ನಾರ್ಮಲ್. ಹಿಮೋಗ್ಲೋಬಿನ್ ಏಳೂವರೆ. ಬಿ-12 ತೀರಾ ಕಡಿಮೆ. ಜೊತೆಗೆ ಗ್ಯಾಸ್ಟ್ರೈಟಿಸ್.

"ಊಟ ಆಯ್ತಾ?" ಎಂದರು.

"ಆಯ್ತು."

"ಏನು ಊಟ ಮಾಡಿದ್ರಿ?"

ಈ ಎರಡನೆಯ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಉತ್ತರದ ಬದಲು ಬ್ಯಾಗಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಮಾತ್ರೆಗಳನ್ನು ಒಂದೊಂದಾಗಿ ಓದಿದರು.

"ಇವನ್ನೆಲ್ಲ ಯಾವಾಗ ತಗೋತೀರಿ?"

"ಒಟ್ಟಿಗೆ. ಬೆಳಿಗ್ಗೆ ಮೊದಲನೇ ಸೆಂಟರಿನಲ್ಲಿ."

"ಯಾವುದರ ಜೊತೆ?"

ಬಾಯಿ ತೆರೆದೆ. ಹೇಳುವ ಮೊದಲೇ ನನಗೆ ಗೊತ್ತಾಗಿಹೋಯಿತು.

ಟೀ ಜೊತೆ.

ಇಪ್ಪತ್ತೆರಡು ವರ್ಷದಿಂದ ಊರೂರಿನ ಬಸುರಿಯರನ್ನು ಸಾಲಾಗಿ ಕೂರಿಸಿ ನಾನು ಹೇಳುತ್ತ ಬಂದದ್ದು ಇದನ್ನೇ. ಕಬ್ಬಿಣದ ಮಾತ್ರೆ ನುಂಗಿ ಟೀ ಕುಡಿಯಬೇಡಿ, ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಜೊತೆ ನುಂಗಬೇಡಿ, ಎರಡಕ್ಕೂ ನಡುವೆ ಹೊತ್ತು ಇರಲಿ. ಮರೆತವರನ್ನು ಎಷ್ಟು ಬೈದಿದ್ದೇನೆ! ನಾನು ಒಂದೇ ಮುಷ್ಟಿಯಲ್ಲಿ ಎರಡನ್ನೂ ಬಾಯಿಗೆ ಹಾಕಿಕೊಂಡು ಮೇಲೆ ಟೀ ಸುರಿದುಕೊಳ್ಳುತ್ತಿದ್ದೆ. ದಿನಕ್ಕೆ ಎಷ್ಟು ಟೀ ಎಂದು ಕೇಳಿದರು. ಬೆರಳು ಮಡಚಿ ಲೆಕ್ಕ ಹಾಕಿದೆ, ಹನ್ನೊಂದು.

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನಿಮ್ಮ ಸ್ಟ್ರೆಸ್ ಸುಳ್ಳಲ್ಲ ಮೇಡಂ. ಆದರೆ ರಕ್ತ ಇಲ್ಲದ ಮೈ, ಖಾಲಿ ಹೊಟ್ಟೆ, ಅದರ ಮೇಲೆ ಇಷ್ಟು ಟೀ. ಎದೆ ಹೊಡ್ಕೊಳ್ದೆ ಏನು ಮಾಡುತ್ತೆ?" ಎಂದರು. ಏಳರಲ್ಲಿ ಐದನ್ನು ನಿಲ್ಲಿಸಿದರು. ಕಬ್ಬಿಣ ಉಳಿಯಿತು, ನಿಂಬೆ ನೀರಿನ ಜೊತೆ. ಕ್ಯಾಲ್ಸಿಯಂ ರಾತ್ರಿಗೆ. ಬಿ-12 ಇಂಜೆಕ್ಷನ್. ಟೀ ಎರಡೇ ಲೋಟ. ಮಧ್ಯಾಹ್ನ ಕೂತು ಊಟ. ಕೂತು ಎನ್ನುವುದರ ಕೆಳಗೆ ಗೆರೆ ಎಳೆದರು. ಮುಂದಿನ ಸಲ ಜೊತೆಗೆ ಯಾರನ್ನಾದರೂ ಕರೆತನ್ನಿ ಎಂದರು.

ಇದ್ದದ್ದು ಅಣ್ಣ ಒಬ್ಬನೇ. ಚನ್ನಗಿರಿಯಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಕರೆದೆ, ಬಂದ. ರಿಪೋರ್ಟ್ ನೋಡಿ ಅವನ ಮುಖ ಸಣ್ಣದಾಯಿತು. ಮುಂದಿನ ವಾರ ಬರುವಾಗ ಟೈಪ್ ಮಾಡಿಸಿದ ಕಾಗದ ತಂದಿದ್ದ. ಅನಾರೋಗ್ಯದ ಕಾರಣ ಸ್ವಯಂ ನಿವೃತ್ತಿ ಕೋರಿ ಅರ್ಜಿ. ಕೆಳಗೆ ನನ್ನ ಹೆಸರು, ಅದರ ಮೇಲೆ ಸಹಿಗೆ ಜಾಗ.

"ಮ್ಯಾಗಳ ರೂಮು ಖಾಲಿ ಐತೆ. ಬಂದುಬಿಡು. ಯಾರಿಗೋಸ್ಕರ ದುಡೀತೀಯಾ?"

ಅವನು ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಸಿಟ್ಟು ಬಂದರೂ ಬೈಯಲಾಗಲಿಲ್ಲ. ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ನಾನು ಹುಷಾರಿಲ್ಲದ ತಂಗಿ. ಇಲ್ಲಿ ಸ್ಕೂಟರ್ ನಿಲ್ಲಿಸಿದರೆ ಮಕ್ಕಳು ಓಡಿ ಬಂದು ಸುತ್ತ ನಿಲ್ಲುತ್ತಾರೆ. ನನ್ನದು ಅಂತ ಇದ್ದದ್ದು ಅದೊಂದೇ.

"ಮೂರು ತಿಂಗಳು ಬಿಡಣ್ಣ. ಮತ್ತೆ ಟೆಸ್ಟ್ ಮಾಡ್ತಾರೆ. ಆಗ್ಲೂ ಸರಿಹೋಗ್ಲಿಲ್ಲ ಅಂದ್ರೆ ಸಹಿ ಹಾಕ್ತೀನಿ."

ಕಾಗದವನ್ನು ಮಡಚಿ ಮಾತ್ರೆಯ ಡಬ್ಬಿಯಲ್ಲಿಟ್ಟೆ. ದಿನಾ ಕಣ್ಣಿಗೆ ಬೀಳಲಿ ಎಂದು.

ಕಬ್ಬಿಣ ನುಂಗುವುದು ಸುಲಭ. ಟೀ ಬೇಡ ಎನ್ನುವುದು ಕಷ್ಟ. ಸೂರಗೊಂಡನಕೊಪ್ಪದ ಹಾದಿಯಲ್ಲಿ ಒಂದು ಲಂಬಾಣಿ ತಾಂಡಾ ಇದೆ. ಅಲ್ಲಿನ ಅಂಗನವಾಡಿಯ ಸಹಾಯಕಿ ಗಂಗಿಬಾಯಿಗೆ ನಿವೃತ್ತಿಗೆ ಇನ್ನೊಂದು ವರ್ಷ. ನನ್ನ ಸ್ಕೂಟರಿನ ಸದ್ದು ಕೇಳಿದರೆ ಮನೆಯಿಂದ ಹಾಲು ತಂದು ಟೀಗೆ ಇಡುತ್ತಿದ್ದಳು. ಅವತ್ತು ಲೋಟ ಹಿಡಿದು ಬಂದಾಗ, "ಬೇಡ ಗಂಗಿಬಾಯಿ, ಇವತ್ತು ಟೀ ಬೇಡ" ಎಂದೆ. ಕಾರಣ ಹೇಳಲಿಲ್ಲ. ಮೇಲ್ವಿಚಾರಕಿಗೇ ರಕ್ತ ಇಲ್ಲ ಎಂದರೆ ನಾಳೆಯಿಂದ ನನ್ನ ಮಾತು ಯಾರು ಕೇಳುತ್ತಾರೆ?

ಅವಳು ಲೋಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಎರಡು ವಾರ ಬಿಟ್ಟು ಹೋದಾಗ ಒಲೆಯ ಮೇಲೆ ಟೀ ಇರಲಿಲ್ಲ. ನೀರನ್ನೂ ಕೇಳಲಿಲ್ಲ. ನಾನು ರಿಜಿಸ್ಟರ್ ನೋಡಿದೆ, ಮಕ್ಕಳನ್ನು ಮಾತಾಡಿಸಿದೆ. ಅವಳು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಲೇ ಇದ್ದಳು. ಹೊರಡುವಾಗ ಮಾತ್ರ ಹೇಳಿದಳು.

"ಇಷ್ಟು ದಿವ್ಸ ಕುಡೀತಿದ್ರಿ. ಈಗ ನಮ್ಮ ಕೈ ಟೀ ಆಗಲ್ಲ ಅಂತ ಯಾರು ಹೇಳಿಕೊಟ್ರು ಮೇಡಂ?"

ಅವಳು ಹಾಗೆ ತಿಳಿದುಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ. ತಾಂಡಾಕ್ಕೆ ಬಂದು ಟೀ ಬೇಡ ಎಂದ ಎಷ್ಟು ಜನರನ್ನು ಅವಳು ನೋಡಿದ್ದಾಳೋ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಅವಳ ಮರ್ಯಾದೆ ತೆಗೆದಿದ್ದೆ. ಸ್ಕೂಟರಿನ ಕೀಲಿ ಕೈಯಲ್ಲೇ ಇತ್ತು, ವಾಪಸ್ ಬಂದು ಚಾಪೆಯ ಮೇಲೆ ಕೂತೆ. ಹೇಳಿದೆ. ರಕ್ತ, ಬಿ-12, ಏಳು ಮಾತ್ರೆ, ಹನ್ನೊಂದು ಟೀ, ಎಲ್ಲವನ್ನೂ. ಹೇಳುತ್ತ ಹೇಳುತ್ತ ಅಳು ಬಂತು. ಎರಡು ವರ್ಷದಲ್ಲಿ ಇನ್ನೊಬ್ಬರ ಮುಂದೆ ಅತ್ತದ್ದು ಅದೇ ಮೊದಲು.

ಗಂಗಿಬಾಯಿ ಸಮಾಧಾನ ಮಾಡಲಿಲ್ಲ. "ಇದೇ ನಾನು ಮಾಡಿದ್ರೆ ಮೆಮೋ ಕೊಡ್ತಿದ್ರಿ" ಎಂದಳು. ಅಳುತ್ತಲೇ ನಕ್ಕೆ.

"ಊಟ ಆತೇನ್ರಿ?"

"ಆ..." ಎಂದು ತುಟಿಗೆ ಬಂತು. ನುಂಗಿಕೊಂಡೆ. "ಇಲ್ಲ."

ಅವಳು ಗೋಡೆಯ ಮೂಲೆಯಿಂದ ತನ್ನ ಬುತ್ತಿ ಎಳೆದುಕೊಂಡು ರೊಟ್ಟಿ ಮುರಿದಳು. ನನ್ನ ಕಣ್ಣು ಒಲೆಯ ಕಡೆ ಹೋದದ್ದನ್ನು ಕಂಡು, "ಸರ್ಕಾರದ್ದಲ್ರಿ, ನನ್ನ ಮನೇದು. ತಿನ್ರಿ" ಎಂದಳು. ರೊಟ್ಟಿ, ಸೊಪ್ಪಿನ ಪಲ್ಯ, ಮೇಲೆ ಹಿಂಡಲು ಅರ್ಧ ನಿಂಬೆಹಣ್ಣು. ಅವಳು ಎರಡು ರೊಟ್ಟಿ ತಿನ್ನುವಷ್ಟರಲ್ಲಿ ನಾನು ಅರ್ಧ ತಿಂದೆ. ಹೊಟ್ಟೆಗೆ ಅಭ್ಯಾಸ ತಪ್ಪಿಹೋಗಿತ್ತು. ನಾನು ಮುಗಿಸುವ ತನಕ ಅವಳು ಕೈ ತೊಳೆಯದೆ ಕಾದಳು.

ಅವತ್ತಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ತಾಂಡಾಕ್ಕೆ ನಾನು ಹೋಗುವುದು ತಿಂಗಳಿಗೆ ಎರಡು ಸಲ. ಉಳಿದ ದಿನ ಒಬ್ಬಳೇ. ಆದರೆ ಡಬ್ಬಿ ಕಟ್ಟತೊಡಗಿದೆ. ಎಲ್ಲ ಕಡೆ ಕಾರಣ ಹೇಳಿಯೇ ಟೀ ಬೇಡ ಎಂದೆ. ನನ್ನ ಮಾತಿನ ಬೆಲೆ ಕಡಿಮೆಯಾಗಲಿಲ್ಲ. ಬಸುರಿಯರು ಈಗ ನನ್ನನ್ನೇ ಕೇಳುತ್ತಾರೆ, "ಮೇಡಂ, ನಿಮ್ದು ಎಷ್ಟಾಗೈತೆ ರಕ್ತ?"

ಮೂರು ತಿಂಗಳಿಗೆ ಹತ್ತು ಪಾಯಿಂಟ್ ಎರಡು. ತೂಕ ನಲವತ್ತೈದು. ಡಾಕ್ಟರು ಮಾತ್ರೆ ಮುಂದುವರಿಸಿ ಎಂದರು. ಕೈ ಈಗಲೂ ಕೆಲವೊಮ್ಮೆ ನಡುಗುತ್ತದೆ, ಫೋನ್ ಬಂದರೆ ಹೊಟ್ಟೆ ಈಗಲೂ ಹಿಂಡುತ್ತದೆ. ಆ ರಿಪೋರ್ಟ್ ಹಿಡಿದು ಹೊನ್ನಾಳಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಅಣ್ಣನ ಫೋನ್ ಬಂತು. ಗಂಟೆ ಎರಡಾಗಿತ್ತು. ನಂಬರ್ ಹೇಳಿದೆ. ಹ್ಞೂಂ ಎಂದ. ನಂತರ ಎಂದಿನಂತೆ, "ಊಟ ಆತೇನು?"

ಇಲ್ಲ ಎಂದರೆ ಅವನು ಕಾಗದ ತೆಗಿ ಎನ್ನುತ್ತಾನೆ ಎಂದು ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚು ಸುಳ್ಳು ನಾನು ಹೇಳಿದ್ದು ಅವನಿಗೇ.

"ಇಲ್ಲಣ್ಣ. ಡಬ್ಬಿ ಐತೆ. ಒಬ್ಬಳೇ ಬಿಚ್ಚಾಕೆ ಮನಸ್ಸು ಬರ್ತಿಲ್ಲ."



"ನಂದೂ ಆಗಿಲ್ಲ" ಎಂದ ಅಣ್ಣ. "ಅಂಗಡ್ಯಾಗೆ ಒಬ್ನೇ ಇರ್ತೀನಲ್ಲ. ನಾಕು ಗಂಟೆಗೋ ಐದು ಗಂಟೆಗೋ ತಿಂತೀನಿ. ನಿನಗೆ ಸುಮ್ನೆ ಆತು ಅಂತಿದ್ದೆ."

ಮತ್ತೆ ಅವನೇ ಕೇಳಿದ.

"ಆ ಕಾಗದ ಎಲ್ಲೈತೆ?"

"ಮಾತ್ರೆ ಡಬ್ಬ್ಯಾಗೆ."

"ಅಲ್ಲೇ ಇರ್ಲಿ ಬಿಡು. ಫೋನ್ ಇಡಬ್ಯಾಡ, ಡಬ್ಬಿ ಬಿಚ್ಚು. ನಾನೂ ಬಿಚ್ತೀನಿ."

ಫೋನಿನ ಸ್ಪೀಕರ್ ಹಾಕಿ, ಬೆಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಡಬ್ಬಿ ಬಿಚ್ಚಿದೆ. ಅತ್ತ ಅವನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಏನು ಪಲ್ಯ ಎಂದು ಕೇಳಿದ. ಹೀರೆಕಾಯಿ ಎಂದೆ.