ಆನೆಯಷ್ಟು ಉದ್ದದ ಹೆಸರು

ಎವಾಸಿಯೊನ ಕೈಗಳಲ್ಲಿ ಹತ್ತೇ ಬೆರಳು ಎಂದು ಊರವರು ನಂಬಿದ್ದರು. ನಾನು ಎಣಿಸಿದವನು, ಹನ್ನೆರಡಾದರೂ ಇದ್ದವು. ಇಲ್ಲದಿದ್ದರೆ ಅಷ್ಟು ಬೇಗ ಅಚ್ಚುಮೊಳೆ ಜೋಡಿಸಲು ಯಾರಿಂದಾದೀತು? ನಮ್ಮ ಕಸಾಲೆ ಊರಿನ ಪಾಲ್ಮಿರಾಳ ಅಚ್ಚುಕೂಟದಲ್ಲಿ ಅವನು ನಲವತ್ತು ವರ್ಷ ದುಡಿದ. ಅಲ್ಲಿ ಅಚ್ಚಾದದ್ದನ್ನು ಗೋಡೆಗೆ ಅಂಟಿಸುವವನು ನಾನು.

ಮೂವತ್ತನಾಲ್ಕನೇ ಇಸವಿಯಲ್ಲೋ ಮೂವತ್ತೈದರಲ್ಲೋ ಅವನು ಹಟ ಹಿಡಿದು ಟುರಿನ್‌ನಿಂದ ಹೊಸ ಬಗೆಯ ಮೊಳೆಗಳ ಪೆಟ್ಟಿಗೆ ತರಿಸಿದ. ತೆಗೆದು ನೋಡಿದರೆ ಒಳಗೆ ಒಂದು ಅಕ್ಷರವೂ ಇಲ್ಲ. ಚೌಕ, ಪಟ್ಟಿ, ಕಾಲು ವೃತ್ತ, ಹೀಗೆ ಎಂಟೇ ಆಕಾರದ ಸೀಸದ ತುಣುಕುಗಳು. ಇಟ್ಟಿಗೆಯಂತೆ ಜೋಡಿಸುತ್ತ ಹೋದರೆ ಯಾವ ಅಕ್ಷರ ಬೇಕೋ ಅದು, ಎಷ್ಟು ದೊಡ್ಡದು ಬೇಕೋ ಅಷ್ಟು. ಎವಾಸಿಯೊ ಕುಣಿದಾಡಿದ. ಗಿರಾಕಿಗಳು ಮಾತ್ರ ಮೂಸಿಯೂ ನೋಡಲಿಲ್ಲ. ಮದುವೆಗೂ ಸಾವಿಗೂ ಅವರಿಗೆ ಬಳ್ಳಿ ಸುತ್ತಿದ ಹಳೆಯ ಅಕ್ಷರವೇ ಆಗಬೇಕು.

“ಸೋಮವಾರ ಗಾಡಿಯವ್ನು ಬರ್ತಾನೆ. ನಿನ್ನ ಆಟದ ಸಾಮಾನು ವಾಪಸ್ ಹೋಗ್ಲಿ,” ಎಂದಳು ಪಾಲ್ಮಿರಾ. ಆ ಬೇಸರಕ್ಕೆ ಎವಾಸಿಯೊ ಅವತ್ತು ಮೂರೇ ತಟ್ಟೆ ಪೊಲೆಂತ, ಅದೇ ಮೆಕ್ಕೆಜೋಳದ ಗಂಜಿ, ತಿಂದ.

ಗುರುವಾರ ಸರ್ಕಸ್ಸಿನ ಒಡೆಯ ಟ್ರಾಂಕ್ವಿಲ್ಲೊ ಬಂದ. ಅವನ ಆನೆಯ ಹೆಸರು ಒಲಿಂಪಿಯಾ, ನಮ್ಮ ಲಿಪಿಯಲ್ಲಿ OLIMPIA ಎಂದು ಏಳಕ್ಷರ. ಭಾನುವಾರದ ಆಟಕ್ಕೆ ಆ ಹೆಸರು ಆನೆಯಷ್ಟೇ ಉದ್ದವಾಗಿ ಗೋಡೆಯ ಮೇಲೆ ಬೇಕಂತೆ. ಅಚ್ಚುಕೂಟದ ಮರದ ಅಕ್ಷರಗಳಲ್ಲಿ ಅತಿ ದೊಡ್ಡದು ಅಂಗೈಯಷ್ಟಿತ್ತು. ಪಾಲ್ಮಿರಾ ಆಗುವುದಿಲ್ಲ ಎನ್ನುವಷ್ಟರಲ್ಲಿ ಎವಾಸಿಯೊ ಒಪ್ಪಿಕೊಂಡುಬಿಟ್ಟಿದ್ದ.

ಶುಕ್ರವಾರ ಬೆಳಿಗ್ಗೆ ಹಾಳೆಯಗಲದ ದುಂಡನೆಯ ಮೊದಲಕ್ಷರ ಸಿದ್ಧವಾಯಿತು. ಅದೊಂದಕ್ಕೇ ಪೆಟ್ಟಿಗೆ ಬರಿದು.

“ಒಂದೇ ಅಕ್ಷರದ ಆನೆನಾ? ಬಾಲ ಎಲ್ಲಪ್ಪಾ?” ಎಂದಳು ಪಾಲ್ಮಿರಾ.

“ಬಾಲನೂ ಇದ್ರೊಳಗೇ ಇದೆ ಅಮ್ಮಾವ್ರೆ. ಅಚ್ಚು ಹಾಕಿ ಬಿಚ್ಚಿದ್ರೆ ಮುಂದಿಂದು ಹುಟ್ಟುತ್ತೆ.”

ಹಾಗೇ ಆಯಿತು. ಒಂದು ಹಾಳೆಗೆ ಒಂದು ಅಕ್ಷರ. ಅಚ್ಚಾದ ಕೂಡಲೇ ಬಿಚ್ಚುವುದು, ಅದೇ ತುಣುಕುಗಳಿಂದ ಮುಂದಿನದನ್ನು ಕಟ್ಟುವುದು. ನಾನು ಅಂಟಿನ ಬಕೆಟ್ ಹಿಡಿದು ಓಡುತ್ತಿದ್ದೆ. ಊರ ನಡುವಿನ ಚೌಕದ ಗೋಡೆಯ ಮೇಲೆ ಬರೀ ಒಂದು ದುಂಡು ಕಂಡಾಗ ಚೀಸ್ ಅಂಗಡಿಯವನು ಅದು ತನ್ನ ಚೀಸೇ ಎಂದ. ಸೈಕಲ್ ರಿಪೇರಿಯವನು ಚಕ್ರವೆಂದ. ಮಾತಿಗೆ ಮಾತು ಬೆಳೆದು ಟೋಪಿಗಳು ಹಾರಿದವು. ಎರಡನೆಯದು ಅಂಟಿದಾಗ, ಇದು ತನ್ನ ಮೂಲೆಮಟ್ಟವೇ ಎಂದು ಬಡಗಿಯೂ ಅದನ್ನು ಹಿಡಿದು ಬಂದ. ಶನಿವಾರ ಊರಿಗೆ ಊರೇ ಮಧ್ಯಾಹ್ನದ ಊಟ ಬಿಟ್ಟು ಮುಂದಿನ ಹಾಳೆಗಾಗಿ ಬೀದಿಯಲ್ಲಿ ನಿಂತಿತ್ತು. ಹಿಂದೆ ಹಾಗಾದದ್ದು ಪೋ ನದಿ ಉಕ್ಕಿದಾಗ ಮಾತ್ರ.

ಏಳನೆಯ ಹಾಳೆ ಅಂಟುವ ಹೊತ್ತಿಗೆ ಒಲಿಂಪಿಯಾಳೇ ನೋಡಲು ಬಂದಳು. ಅವಳಿಗೆ ಓದು ಬರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಕೊನೆಯ ಹಾಳೆಯ ಅಂಚು ಎದ್ದಿತ್ತು, ಸೊಂಡಿಲಿನಿಂದ ಒತ್ತಿ ಸರಿಮಾಡಿ ಹೋದಳು.

ಭಾನುವಾರ ಸರ್ಕಸ್ಸಿನ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಮವಾರ ಬೆಳಗಾಗುವಾಗ ಚೀಸಿನವನು, ಸೈಕಲ್ಲಿನವನು, ಬಡಗಿ ಮೂವರೂ ತಮ್ಮ ಹೆಸರಿಗೂ ಅಂಥದೇ ಅಕ್ಷರ ಬೇಕೆಂದು ಅಚ್ಚುಕೂಟದ ಬಾಗಿಲಲ್ಲಿ ತಳ್ಳಾಡುತ್ತಿದ್ದರು. ಗಾಡಿಯವನು ಬಂದಾಗ ಪಾಲ್ಮಿರಾ ಪೆಟ್ಟಿಗೆ ತೆರೆದಳು. ಒಳಗೆ ಒಂದು ತುಣುಕೂ ಇಲ್ಲ. ಎಲ್ಲವೂ ಎವಾಸಿಯೊನ ಮೇಜಿನ ಮೇಲೆ ಚೀಸಿನವನ ಹೆಸರಾಗುತ್ತಿದ್ದವು.

“ಖಾಲಿ ಪೆಟ್ಟಿಗೆ ತಗೊಂಡು ಏನ್ ಮಾಡ್ತೀಯಪ್ಪಾ?” ಎಂದಳು ಅವಳು. “ಟುರಿನ್‌ಗೆ ಹೋಗು, ಇನ್ನೊಂದು ತುಂಬಿಸ್ಕೊಂಡು ಬಾ.”