ಬೂಟು ಬಿಚ್ಚಿ ಮುಟ್ಟಿದ ರೈಫಲ್ಲು

2017ರ ಜನವರಿ. ಬಂದೂಕಿನ ಲೈಸೆನ್ಸು ಕೈಗೆ ಬಂದ ವಾರವೇ ನಮ್ಮ ಮನೆಯವರನ್ನು ಹೊರಡಿಸಿಕೊಂಡು ಕೆನಡಾದಲ್ಲಿ ನಾವಿರುವ ಎರಿನ್ ಮಿಲ್ಸ್‌ನಿಂದ ಮುಕ್ಕಾಲು ಗಂಟೆ ದೂರದ ಬಂದೂಕಿನ ಅಂಗಡಿಗೆ ಹೋದೆ. ನನಗಾಗ ಐವತ್ತೆರಡು. ಹಳೇ ಮಾದರಿಯ ಬಂದೂಕುಗಳಲ್ಲೇ ಗುರಿಯಿಡುವ ಹವ್ಯಾಸಿಗಳ ಕ್ಲಬ್ಬು ಸೇರಿದ್ದೆ. ಎರವಲು ರೈಫಲ್ಲಿನಲ್ಲಿ ಕಲಿತದ್ದಾಗಿತ್ತು, ಇನ್ನು ನನ್ನದೇ ಒಂದು ಬೇಕಿತ್ತು.

ಬೇಕಿತ್ತು ಅನ್ನುವುದು ಸಣ್ಣ ಮಾತು. ಅಪ್ಪ ಧಾರವಾಡದಲ್ಲಿ ಪೊಲೀಸ್ ಶಸ್ತ್ರಾಗಾರದ ಪೇದೆ. ಖಂಡೇನವಮಿಯ ದಿನ ರೈಫಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಚೆಂಡುಹೂ ಏರಿಸಿ ಪೂಜೆ ಮಾಡುತ್ತಿದ್ದರು. ಅಣ್ಣ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ನಾನು ಕೈ ಚಾಚಿದರೆ, "ಹೆಣ್ಮಕ್ಕಳು ಮುಟ್ಟಬಾರದವ್ವ. ಆರತಿ ತಟ್ಟಿ ಹಿಡಕೊಂಡು ಅಲ್ಲೇ ನಿಂದ್ರು," ಎನ್ನುತ್ತಿದ್ದರು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿರಲಿಲ್ಲ.

ಅಂಗಡಿಯ ಮುದುಕ ಎರಡು ರೈಫಲ್ಲು ತಂದಿಟ್ಟ. ಎರಡೂ ಸುಮಾರು ನೂರೈವತ್ತು ವರ್ಷ ಹಿಂದಿನ ಮಾದರಿಯ ಪಡಿಯಚ್ಚು, ಇಟಲಿಯಲ್ಲಿ ಹೊಸದಾಗಿ ಮಾಡಿದ್ದು. ಒಂದರ ಮೈ ಹಿತ್ತಾಳೆ, ಇನ್ನೊಂದರದು ನೀಲಿ, ಕಂದು ಬಣ್ಣ ಹರಿದಾಡಿದ ಉಕ್ಕು. ಕೆಳಗಿನ ಹಿಡಿಯನ್ನು ಮುಂದೆ ತಳ್ಳಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಗೇರುತ್ತದೆ. ಎಂಥ ಕೈಚಳಕದ ಕೆಲಸ! ಬಾಯಿ ತೆರೆದು ನಿಂತೆ.

"ಹಿತ್ತಾಳಿದು ತಗೊಂಡು ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕಾಕಿ ಏನ?" ಎಂದರು ಮನೆಯವರು.

ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ಬಿಟ್ಟಾಗ ಗುರಿ ನೇರವಿದ್ದರೆ ಅದೇ ನಿಮ್ಮದು ಎಂದ ಮುದುಕ. ಕೈ ಚಾಚಿದೆ. ಮುಂದೆ ಹೋಗಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಗ್ಗಿ ಎರಡೂ ಬೂಟು ಬಿಚ್ಚಿಬಿಟ್ಟಿದ್ದೆ. ನೆಲದ ತುಂಬ ಗಿರಾಕಿಗಳ ಬೂಟಿನಿಂದ ಉದುರಿ ಕರಗಿದ ಹಿಮ. ಕಾಲುಚೀಲ ತೊಯ್ದು ತೊಪ್ಪೆಯಾಯಿತು. ಬೂಟು ಕಚ್ಚುತ್ತಿದೆಯೇ ಎಂದು ಮುದುಕ ಗಾಬರಿಯಾದ. ಮನೆಯವರು ನಗಲಿಲ್ಲ. ನಮ್ಮಲ್ಲಿ ಆಯುಧವನ್ನು ಚಪ್ಪಲಿ ಹಾಕಿಕೊಂಡು ಮುಟ್ಟುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

ಹಿತ್ತಾಳೆಯದು ಭಾರಕ್ಕೆ ಮೂತಿ ಬಗ್ಗಿಸಿತು. ಉಕ್ಕಿನದನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು ಭುಜಕ್ಕೇರಿಸಿದೆ. ಕಣ್ಣು ಬಿಟ್ಟರೆ ಗುರಿ ನೆಟ್ಟಗೆ ಎದುರಿಗೇ ಇತ್ತು. ಒದ್ದೆ ಕಾಲಲ್ಲಿ ನಿಂತೇ ಅತ್ತೆ.

ಆ ವರ್ಷದ ಖಂಡೇನವಮಿಗೆ ಬೇಸ್‌ಮೆಂಟಿನ ಕಬ್ಬಿಣದ ಕಪಾಟು ತೆರೆದು ರೈಫಲ್ಲಿಗೆ ಸೇವಂತಿಗೆ ಏರಿಸಿದೆ. ಮನೆಯವರು ಮುಟ್ಟಲು ಕೈ ಚಾಚಿದರು. ಆರತಿ ತಟ್ಟೆ ಅವರ ಕೈಗೆ ಕೊಟ್ಟೆ.

"ಹಿಡಕೊಂಡು ಅಲ್ಲೇ ನಿಂದ್ರಿ," ಎಂದೆ.