ಸುಣ್ಣವೆಂದು ನಾನು ಹೇಳಿದ ಬಿಳುಪು

ಆ ಕಲ್ಲನ್ನು ನನಗೆ ತೋರಿಸಿದಾಗ ಬೆಳಗಿನ ಬಿಸಿಲು ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಅಂದು ಕೇಳಿದಾಗ ಹೇಳಲು ನನಗೆ ತೋಚಲಿಲ್ಲ.

ನಾನು ಹನೂರಿನಿಂದ ಮಧುವನಹಳ್ಳಿಗೆ ಸೊಸೆಯಾಗಿ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸಿಗೆ ಸೇರಿತ್ತು. ಹೊಲ ಅಳೆಯುವವರು ಬೇಕೆಂದರೆ ಅರ್ಜಿ ಹೋಗಿ, ಉತ್ತರ ಬಂದು, ಸರಪಣಿ ಹಿಡಿದವರು ಬರುವಷ್ಟರಲ್ಲಿ ಬಿತ್ತನೆ ಮುಗಿದಿರುತ್ತಿತ್ತು. ಹಾಗಾಗಿ ಗಡಿಯ ಜಗಳಗಳನ್ನು ಊರಿನವರೇ ಮುಗಿಸಿಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಒಂದು ನಡವಳಿಕೆ ಇತ್ತು. ಯುಗಾದಿಯ ಹೊನ್ನಾರಿನ ದಿನ, ಮೊದಲ ನೇಗಿಲು ಹೊಲಕ್ಕೆ ಇಳಿಯುವ ಮುಂಚೆ, ಮನೆಯ ಸೊಸೆ ಗಡಿಕಲ್ಲಿಗೆ ಸುಣ್ಣದಲ್ಲಿ ಅದ್ದಿದ ಮೂರು ಬೆರಳಿನಿಂದ ಅಡ್ಡಗೆರೆ ಎಳೆಯಬೇಕು. ದೇವರ ಹಣೆಗೆ ವಿಭೂತಿ ಇಟ್ಟ ಹಾಗೆ. ಗಂಡಸರು ಆ ಹೊತ್ತಿಗೆ ಎತ್ತುಗಳ ಹತ್ತಿರ ಬೆನ್ನು ತಿರುಗಿಸಿ ನಿಂತಿರುತ್ತಾರೆ, ಕಲ್ಲಿನ ಕಡೆ ನೋಡುವುದಿಲ್ಲ. ಆ ವರ್ಷ ಗೆರೆ ಎಳೆದವಳು ನಾನು. ಅತ್ತೆ ಜೊತೆಗಿದ್ದರು, ಆದರೆ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬದುವಿನ ಮೇಲೆ ನಿಂತು, ಕಳ್ಳಿಬೇಲಿಯ ಪಕ್ಕದಲ್ಲಿ ಕೈಗೆ ಸಿಗುತ್ತದೆ ನೋಡು ಎಂದು ಹೇಳಿದರು. ಸೆರಗು ಹಣೆಯ ತನಕ ಎಳೆದುಕೊಂಡು, ಸುಣ್ಣದ ಕುಡಿಕೆ ಹಿಡಿದು, ಮುಳ್ಳು ಸರಿಸಿ, ಬೇಗ ಬೇಗ ಗೆರೆ ಎಳೆದು ಬಂದೆ. ಕಲ್ಲು ಹೇಗಿದೆ ಎಂದು ನೋಡಲಿಲ್ಲ. ಉಳಿದ ದಿನವೆಲ್ಲ ಕಳ್ಳಿ ಅದನ್ನು ಮುಚ್ಚಿರುತ್ತಿತ್ತು. ಹೀಗೆ ಆ ಗೆರೆಗೆ ಕಣ್ಣಿನ ಸಾಕ್ಷಿ ಎಂದರೆ ನಾನೊಬ್ಬಳೇ.

ಮುಂಗಾರಿನ ಎರಡನೆಯ ಮಳೆಗೆ ಹಳ್ಳ ಉಕ್ಕಿತು. ಬದು ಕೊಚ್ಚಿಕೊಂಡು ಹೋಯಿತು, ಕಳ್ಳಿಬೇಲಿಯೂ ಅದರ ಜೊತೆಗೆ ಹೋಯಿತು. ನೀರು ಇಳಿದ ಮೇಲೆ ಒಂದು ಉದ್ದನೆಯ ಕಲ್ಲು ಹಳ್ಳದಲ್ಲಿ ಬಿದ್ದಿತ್ತು. ಪಕ್ಕದ ಹೊಲದವನು ಅದೇ ಗಡಿಕಲ್ಲು, ಮೊದಲಿದ್ದಲ್ಲೇ ನೆಡೋಣ ಎಂದ. ವಯಸ್ಸಾದ ಒಂಟಿ ಮನುಷ್ಯ. ಅವನ ಹೆಂಡತಿ ನಾನು ಆ ಊರಿಗೆ ಬರುವ ಎಷ್ಟೋ ವರ್ಷ ಮುಂಚೆ ತೀರಿಕೊಂಡಿದ್ದಳು. ನಮ್ಮವರ ಪದ್ಧತಿಯಂತೆ ಅವಳನ್ನು ಹೊಲದ ಅಂಚಿನಲ್ಲೇ ಮಣ್ಣು ಮಾಡಿದ್ದರು. ಎರಡು ಮನೆಗಳಿಗೆ ಅಷ್ಟರಲ್ಲಿ ಮಾತು ನಿಂತಿತ್ತು. ಆದ್ದರಿಂದ ಮಣ್ಣು ಮಾಡಿದ ಜಾಗ ಯಾವುದೆಂದು ನಮ್ಮ ಮನೆಯವರು ನೋಡಿರಲಿಲ್ಲ. ಆಮೇಲೆ ಪೊದೆ ಬೆಳೆದು ಅದನ್ನು ಮುಚ್ಚಿತ್ತು, ಊರಿನವರಿಗೂ ಗುರುತು ಮರೆತಿತ್ತು.

ಆ ಪೊದೆಯನ್ನೂ ನೀರು ಕೊಚ್ಚಿಕೊಂಡು ಹೋದ ಮೇಲೆ ಅವನ ಹೊಲದೊಳಗೆ, ಆರು ಹೆಜ್ಜೆ ಆಚೆಗೆ, ಇನ್ನೊಂದು ಕಲ್ಲು ಕಾಣಿಸಿತು. ಅದರ ಮೇಲೆ ಮೂರು ಬಿಳಿ ಗೆರೆಗಳಿದ್ದವು.

ಮಾವ ನನ್ನನ್ನು ಕರೆಸಿದರು. ಊರಿನ ಮೂವರು ಹಿರಿಯರು ಅಲ್ಲಿದ್ದರು. ಆ ಕಲ್ಲಿನ ಗೆರೆಯಿದ್ದ ಆಚೆ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಬಿಸಿಲು ಕಣ್ಣಿಗೆ ಬಿತ್ತು.

"ನೀನು ಬಳ್ದ ಕಲ್ಲು ಇದೇಯಾ ನೋಡವ್ವ," ಎಂದರು ಮಾವ.

ಮೂರು ಗೆರೆ, ಬಿಳಿ, ಅಡ್ಡಕ್ಕೆ. "ಇದೇ," ಎಂದೆ.

ಪಕ್ಕದವನು ನನ್ನ ಕಡೆ ನೋಡಲಿಲ್ಲ. ಹಿರಿಯರಿಗೆ ಹೇಳಿದ: "ಅದು ನನ್ನೆಂಡ್ತಿ ತಲೆದೆಸೆ ಕಲ್ಲು ಕಣ್ರಪ್ಪ. ಆ ಈಬೂತಿ ಗೆರೆಯ ನಾನೇ ಉಳಿ ಇಟ್ಟು ಕೆತ್ತಿದ್ದು."

"ಅಂಗಾರೆ ಸುಣ್ಣ ಯಾರು ಬಳ್ದೋರು? ನಿನ್ನೆಂಡ್ತಿ ಎದ್ದು ಬಂದು ಬಳ್ಕಂಡ್ಳಾ?" ಎಂದರು ಮಾವ.

ಯಾರೋ ಒಬ್ಬರು ನಕ್ಕರು. ಅವನು ತುಟಿ ಬಿಚ್ಚಲಿಲ್ಲ. ಸುಣ್ಣ ಎಲ್ಲಿಂದ ಬಂತೆಂದು ಅವನಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವನ ಸುಮ್ಮನಿರುವಿಕೆಯನ್ನು ಎಲ್ಲರೂ ಕಳ್ಳನ ಸುಮ್ಮನಿರುವಿಕೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಚಾವಡಿಯಲ್ಲಿ ತೀರ್ಮಾನವಾಯಿತು. ಬರುವ ಸೋಮವಾರ ಇಬ್ಬರೂ ಮಹದೇಶ್ವರನ ಬೆಟ್ಟಕ್ಕೆ ಹೋಗಿ ಮಾದಪ್ಪನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಬೇಕು. ಅವರ ಕಡೆಯಿಂದ ಅವನು. ನಮ್ಮ ಕಡೆಯಿಂದ, ಕೈ ನನ್ನದಾದ್ದರಿಂದ, ನಾನು. ಆಣೆ ಮಾಡದವನ ಮಾತು ಬಿದ್ದುಹೋಗುತ್ತದೆ. ಪಕ್ಕದವನು ಅಲ್ಲೇ ಹೇಳಿಬಿಟ್ಟ: "ನಾನು ಆಣೆ ಇಕ್ಕಕ್ಕಿಲ್ಲ. ಸತ್ತೋಳ ಮ್ಯಾಲೆ ಆಣೆ ಇಕ್ಕಿ ಜಾಗ ಉಳಿಸ್ಕಂಡ ಅಂತ ಅನ್ನಿಸ್ಕಳಕ್ಕಿಲ್ಲ." ಅಂದರೆ ನಾನು ಒಬ್ಬಳೇ ಆಣೆ ಮಾಡಿ ಬಂದರೆ ಸಾಕು, ಗಡಿ ಆರು ಹೆಜ್ಜೆ ಆಚೆಗೆ ಹೋಗುತ್ತಿತ್ತು. ಮಂಗಳವಾರ ಅಲ್ಲಿ ನೇಗಿಲು ಹೂಡುತ್ತೇನೆ, ನೆಟ್ಟಗೆ ಹೊಡೆಯುತ್ತೇನೆ ಎಂದು ಮಾವ ಹೇಳಿದರು. ಅವನ ಮಾತು ನಿಜವಾಗಿದ್ದರೆ ಆ ನೇಗಿಲ ಸಾಲು ಅವನ ಹೆಂಡತಿಯ ಮೇಲೇ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಐದು ದಿನವಿತ್ತು. ಅವನು ಗೆರೆ ಉಜ್ಜಿ ಅಳಿಸಿಬಿಟ್ಟಾನು ಎಂದು ಮಾವನ ದಾಯಾದಿಯೊಬ್ಬರು ಹಗಲೆಲ್ಲ ಕಲ್ಲಿನ ಹತ್ತಿರ ಕೂತಿರುತ್ತಿದ್ದರು. ಅವನು ತನ್ನ ಹೊಲದ ಹುಣಸೆಮರದ ಕೆಳಗೆ ಕೂತು ಅವರ ಮೇಲೆ ಕಣ್ಣಿಟ್ಟಿರುತ್ತಿದ್ದ. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಹಳ್ಳದ ಕಲ್ಲನ್ನು ಅವನು ಎಲ್ಲಿಂದ ಹೊತ್ತು ತಂದಿರಬಹುದು ಎಂಬುದಕ್ಕೆ ಊರಿನಲ್ಲಿ ಮೂರು ಕತೆಗಳು ಹುಟ್ಟಿದ್ದವು. ಹೇಳಿದವರು ಯಾರೂ ಅದನ್ನು ಕಂಡವರಲ್ಲ.

ಮೂರನೆಯ ದಿನ ಬಾವಿಯ ಪಕ್ಕದ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಬಂಡೆಯ ಒಣಗಿದ ಅಂಚಿನಲ್ಲಿ ಬಿಳಿ ಮಚ್ಚೆಗಳಿದ್ದವು, ಯಾರೋ ಸುಣ್ಣ ಚೆಲ್ಲಿದ ಹಾಗೆ. ದಿನವೂ ನೋಡಿದ್ದೆ. ಅಂದು ಸೀರೆ ಹಿಂಡಿದ ನೀರು ಒಂದು ಮಚ್ಚೆಯ ಮೇಲೆ ಹರಿಯಿತು. ನೋಡುತ್ತಿದ್ದಂತೆ ಬಿಳುಪು ಮಸುಕಾಗಿ ಹಸಿರು ಬಂತು.

ಹನೂರಿನ ನಮ್ಮ ಮನೆಯ ಹಿಂದೆಯೂ ಅಂಥ ಬಂಡೆ ಇತ್ತು. ಕಾಡಿನ ಹೆಂಗಸರು ಮಸಾಲೆಗೆ ಕಲ್ಲುಹೂವು ತಂದು ಕೊಡುತ್ತಿದ್ದರು. ಎಲೆಯ ಹಾಗೆ ಸುರುಳಿ, ಅಡಿ ಕಪ್ಪು, ಉಜ್ಜಿದರೆ ವಾಸನೆ. ಬಂಡೆಗೆ ಅಂಟಿಕೊಂಡಿರುವುದೂ ಅದರ ಜಾತಿಯೇ, ಆದರೆ ಅಡುಗೆಗೆ ಬರುವುದಿಲ್ಲ, ಬಂಡೆಯನ್ನು ಬಿಟ್ಟು ಬರುವುದೂ ಇಲ್ಲ ಎಂದು ಅವ್ವ ಹೇಳುತ್ತಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ "ಇದೇ" ಎಂದಿದ್ದೆ.

ಮಧ್ಯಾಹ್ನ ಕಾವಲಿದ್ದವರಿಗೆ ಹಿಟ್ಟು ತೆಗೆದುಕೊಂಡು ಹೋದೆ. ಅವರು ಉಣ್ಣುವಷ್ಟು ಹೊತ್ತು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಬೆರಳಿನಿಂದ ಉಜ್ಜಿದೆ, ಬಿಳುಪು ಬೆರಳಿಗೆ ಹತ್ತಲಿಲ್ಲ. ಗೆರೆಯ ಅಂಚು ಬೆರಳು ಎಳೆದ ಅಂಚಿನಂತಿರಲಿಲ್ಲ. ಕಾವಲಿಯ ಮೇಲೆ ಒಣಗಿದ ದೋಸೆಯಂತೆ ಸಣ್ಣಗೆ ಕಚ್ಚುಕಚ್ಚಾಗಿತ್ತು. ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು. ಬಿಳುಪಿನ ಕೆಳಗೆ ಉಳಿಯ ಗೀರು ಕೈಗೆ ಸಿಕ್ಕಿತು. ಆ ಗೀರಿನೊಳಗೆ ಬೇರೂರಿ ಬೆಳೆದದ್ದರಿಂದ ಅದು ಗೆರೆಯಾಗಿತ್ತು. ಚೊಂಬಿನ ನೀರು ಹನಿಸಿ ಉಗುರಿನಿಂದ ಗೀಚಿದೆ. ಒಳಗೆ ಹಸಿರು.

ಆಗಲೇ ಬಿಸಿಲಿನ ನೆನಪಾದದ್ದು. ಯುಗಾದಿಯ ಬೆಳಗ್ಗೆ ಬಿಸಿಲು ನನ್ನ ಬೆನ್ನಿಗೆ ಕಾಯುತ್ತಿತ್ತು. ಈ ಗೆರೆಗಳನ್ನು ತೋರಿಸಿದ ಬೆಳಗ್ಗೆ ಅದು ಕಣ್ಣಿಗೆ ಬಿದ್ದಿತ್ತು. ನಾನು ನಮ್ಮ ಹೊಲದಲ್ಲಿ ನಿಂತು ಎಳೆದ ಗೆರೆ ಕಲ್ಲಿನ ಆಚೆ ಮುಖಕ್ಕೆ ಹೋಗಲು ಸಾಧ್ಯವಿಲ್ಲ.

"ಏನ್ ಉಡುಕ್ತಿದ್ದೀಯ?" ಎಂದು ಕಾವಲಿನವರು ಕೇಳಿದರು. ಓಲೆ ಬಿದ್ದಿದೆಯೇನೋ ಅಂತ ಎಂದೆ. ಅವರು ನನ್ನ ಎರಡು ಕಿವಿಗಳನ್ನೂ ನೋಡಿದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಕಾಣದ ಕಣ್ಣನ್ನು ನನ್ನ ಕಡೆಗೆ ತಿರುಗಿಸಿದರು. ಇದನ್ನು ನಿನಗೆ ಯಾರು ಹೇಳಿಕೊಟ್ಟರು, ಆ ಮುದುಕ ಬಾವಿಯ ಹತ್ತಿರ ಏನಾದರೂ ಮಾತಾಡಿದನೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಕೇಳಿದರು. ಕಲ್ಲಿನ ಮೇಲೆ ಕಂಡದ್ದನ್ನೇ ಮತ್ತೆ ಮೊದಲಿಂದ ಹೇಳಿದೆ. ಕೊನೆಗೆ ಒಂದೇ ಮಾತು ಹೇಳಿದರು: "ಸುಣ್ಣವಾದ್ರೆ ಅರಿಸಿನಕ್ಕೆ ಕೆಂಪಾಗ್ದೆ ಇರಕ್ಕಿಲ್ಲ. ಆರತಿ ನೀರು ಕಲಸಿಲ್ವಾ ನೀನು?"

ಮರುದಿನ ಬೆಳಗ್ಗೆ ಅರಿಸಿನದ ನೀರಿನ ಚೊಂಬು ಹಿಡಿದು ಹಿರಿಯರ ಮುಂದೆ ನಿಂತೆ. ಮಾವನನ್ನು ಅವರೇ ಕರೆಸಿದರು. ಮೊದಲು ನಮ್ಮ ಮನೆಯ ಗೋಡೆಗೆ, ಯುಗಾದಿಯಲ್ಲಿ ಬಳಿದ ಸುಣ್ಣದ ಮೇಲೆ, ಒಂದು ಹನಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅದೇ ಚೊಂಬಿನಿಂದ ಆ ಕಲ್ಲಿನ ಮೂರು ಗೆರೆಗೂ ಹಾಕಿದೆ. ಹಳದಿಯಾಗಿಯೇ ಉಳಿಯಿತು. ಒಬ್ಬರು ಚಾಕು ತೆಗೆದು ಗೀಚಿ ಹಸಿರನ್ನು ನೋಡಿದರು, ಉಳಿಯ ಗೀರನ್ನೂ ನೋಡಿದರು. ಆಮೇಲೆ ಹಳ್ಳದ ಕಲ್ಲಿನ ಹತ್ತಿರ ಹೋದೆವು. ಮಳೆ ಅದನ್ನು ತೊಳೆದುಬಿಟ್ಟಿತ್ತು. ಅರಿಸಿನ ಎಲ್ಲ ಕಡೆ ಹಳದಿಯಾಗಿ ಹರಿಯಿತು. ಒಂದು ಕುಳಿಯಲ್ಲಿ ಮಾತ್ರ ಗುಂಡುಸೂಜಿಯ ತಲೆಯಷ್ಟು ಕೆಂಪು ಕಾಣಿಸಿತು.

ಅದು ಕುಂಕುಮ, ಪೂಜೆಯದು ಎಂದರು ಮಾವ. ಇರಬಹುದು. ಅದು ಸುಣ್ಣವೇ ಎಂದು ನಾನು ಅಂದೂ ಹೇಳಲಿಲ್ಲ, ಈಗಲೂ ಹೇಳಲಾರೆ. ಆ ಇನ್ನೊಂದು ಕಲ್ಲಿನ ಮೇಲಿರುವುದು ನಾನು ಬಳಿದದ್ದಲ್ಲ, ಕಲ್ಲುಹೂವು ಎಂದಷ್ಟೇ ಹೇಳಿದೆ. ಮಾದಪ್ಪನ ಮುಂದೆ ಬೇಕಾದರೆ ಅಷ್ಟನ್ನೇ ಹೇಳುತ್ತೇನೆ ಎಂದೆ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅನೂರೋರು ಏಟು ತರದ ಮಾತು ಆಡ್ತಾರೆ ಒಂದೇ ವಾರದಲ್ಲಿ," ಎಂದರು.

ಬೆಟ್ಟಕ್ಕೆ ಯಾರೂ ಹೋಗಲಿಲ್ಲ. ಹಿರಿಯರು ಹುಣಸೆಮರದಿಂದ ಹೆಜ್ಜೆ ಎಣಿಸಿ, ತಮ್ಮ ಅಂದಾಜಿನ ಜಾಗದಲ್ಲಿ ಹಳ್ಳದ ಕಲ್ಲನ್ನು ನೆಡಿಸಿದರು. ಮಣ್ಣು ಮಾಡಿದ ಜಾಗ ಅವನ ಹೊಲದಲ್ಲೇ ಉಳಿಯಿತು. ಮಂಗಳವಾರ ಮಾವನ ನೇಗಿಲು ಕಲ್ಲಿನ ಈಚೆಗೇ ತಿರುಗಿತು. ಆದರೆ ನಾನು ಅವನ ಕಡೆಯವರಿಂದ ಏನೋ ಪಡೆದಿದ್ದೇನೆ ಎಂಬ ಅನುಮಾನ ಮಾವನಿಗೆ ಸಾಯುವ ತನಕ ಹೋಗಲಿಲ್ಲ. ನನ್ನ ತವರಿನವರು ಬಂದಾಗ ಅವರ ಚೀಲದ ಕಡೆ ಕಣ್ಣು ಹೋಗುತ್ತಿತ್ತು.

ಪಕ್ಕದವನು ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಲಿ ಎಂದು ನಾನು ಕಾದದ್ದು ನಿಜ. ಅವನ ಕಡೆಯಿಂದ ನೋಡಿದರೆ, ಹೆಂಡತಿಯ ಮೇಲೆ ನೇಗಿಲು ಹರಿಸಲು ಹೊರಟಿದ್ದೂ ನನ್ನ ಮಾತೇ.

ಮರುವರ್ಷದ ಹೊನ್ನಾರಿಗೆ ಮತ್ತೆ ಸುಣ್ಣದ ಕುಡಿಕೆ ಹಿಡಿದು ಹೋದೆ. ಈ ಸಲ ಕಲ್ಲನ್ನು ಸುತ್ತ ನೋಡಿ, ಬಿಸಿಲು ಎಲ್ಲಿದೆ ಎಂದು ನೋಡಿ, ಮೂರು ಗೆರೆ ಎಳೆದೆ. ನಮ್ಮ ಗಂಡಸರೆಲ್ಲ ಎತ್ತಿನ ಹತ್ತಿರ ಬೆನ್ನು ತಿರುಗಿಸಿದ್ದರು. ಅವನೊಬ್ಬ ಆಚೆ ಹೊಲದಲ್ಲಿ ನಿಂತು ನೆಟ್ಟಗೆ ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಹತ್ತು ಹೆಜ್ಜೆ ಹಿಂದೆ ಸರಿದ ಮೇಲೆ ಕಲ್ಲಿನ ಹತ್ತಿರ ಬಂದ. ಹೆಬ್ಬೆರಳಿಗೆ ಎಂಜಲು ಹಚ್ಚಿ ಕೆಳಗಿನ ಗೆರೆಯ ತುದಿಯನ್ನು ಉಜ್ಜಿದ. ಬೆರಳನ್ನು ಬಿಸಿಲಿಗೆ ಹಿಡಿದು, ಅದರ ಮೇಲೆ ಬಿಳುಪು ಹತ್ತಿದೆಯೇ ಎಂದು ನೋಡಿದ. ಆಮೇಲೆ ಹೋಗಿ ಎತ್ತು ಕಟ್ಟಿದ.